ಗಂಗಾಳ ಬೇರೆ ಮಾಡಬೇಡಿ, ಮನೆಮಂದಿಯೆಲ್ಲ ರಕ್ತ ಪರೀಕ್ಷೆ ಮಾಡಿಸಿ

ಪ್ರಶ್ನೆ: ನಾವು ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನವರು. ನಮ್ಮ ಮನೆಯವರಿಗೆ 34 ವರ್ಷ. ಸಣ್ಣ ಗೂಡ್ಸ್ ಗಾಡಿ ಇಟ್ಟುಕೊಂಡು ಹುಬ್ಬಳ್ಳಿ ಎಪಿಎಂಸಿಗೆ ಮಾಲು ಸಾಗಿಸುತ್ತಾರೆ. ಊರಿನ ರಕ್ತದಾನ ಶಿಬಿರದಲ್ಲಿ ರಕ್ತ ಕೊಟ್ಟಾಗ ಎಚ್‌ಬಿಎಸ್‌ಎಜಿ (ಲಿವರಿಗೆ ತಗಲುವ ಹೆಪಟೈಟಿಸ್ ಬಿ ವೈರಸ್ಸಿನ ಪರೀಕ್ಷೆ) ಪಾಸಿಟಿವ್ ಬಂತು. ಹೊರಗೆ ಇನ್ನೊಮ್ಮೆ ಮಾಡಿಸಿದರೂ ಅದೇ ಬಂತು. ಲಿವರ್ ಟೆಸ್ಟ್ ನೋಡಿದ ಡಾಕ್ಟರು ‘ಎಲ್ಲಾ ನಾರ್ಮಲ್ ಐತಿ, ಔಷಧ ಏನೂ ಬ್ಯಾಡ’ ಅಂದು ಕಳಿಸಿದರು. ಅವರಿಗೂ ಯಾವ ತ್ರಾಸು ಇಲ್ಲ. ಆದರೆ ಅತ್ತೆಯವರು ಅವರ ಗಂಗಾಳ, ಚರಿಗೆ, ಹಾಸಿಗೆ ಬೇರೆ ಮಾಡಿದ್ದಾರೆ, ಮಗಳನ್ನು ಹತ್ತಿರ ಬಿಡುವುದಿಲ್ಲ. ಗಾಡಿ ಓಡಿಸುವವರು ಅಂದಮೇಲೆ ಎಲ್ಲಿಂದ ತಂದುಕೊಂಡರೋ ಎಂದು ಓಣಿಯವರ ಮಾತು ಬೇರೆ. ಕಾಮಣಿಗೆ ಔಷಧ ಕೊಡುವವರ ಕಡೆ ಕರೆದುಕೊಂಡು ಹೋಗೋಣ ಎನ್ನುತ್ತಾರೆ ಮಾವ. ಇದು ಹೇಗೆ ಬರುತ್ತದೆ, ಪೂರ್ತಿ ವಾಸಿಯಾಗುತ್ತದೆಯೇ? ನಮಗೆ 4 ವರ್ಷದ ಮಗಳಿದ್ದಾಳೆ. ನಾನು ಈಗ 5 ತಿಂಗಳ ಬಸುರಿ. ಮಗುವಿಗೆ ಏನಾದರೂ ಆಗುತ್ತದೆಯೇ? ರಿಪೋರ್ಟಿನ ಫೋಟೊ ಕಳಿಸಿದ್ದೇನೆ.

ಉತ್ತರ: ತಂಗೀ, ನೀವು ಎಲ್ಲಕ್ಕಿಂತ ಕೊನೆಗೆ ಕೇಳಿದ ಮಾತಿಗೇ ಎಲ್ಲಕ್ಕಿಂತ ಮೊದಲು ಉತ್ತರ ಹೇಳಬೇಕು. ನಿಮ್ಮ ಯಜಮಾನರ ಲಿವರ್ ನೋಡಲು ಒಂದಿಷ್ಟು ವಾರ ಹೆಚ್ಚುಕಡಿಮೆಯಾದರೂ ನಡೆದೀತು. ಹೊಟ್ಟೆಯಲ್ಲಿರುವ ಮಗುವಿನ ವಿಷಯದಲ್ಲಿ ಹಾಗೆ ಕಾಯುವಂತಿಲ್ಲ.

ನಿಮ್ಮ ತಾಯಿ ಕಾರ್ಡ್ ತೆಗೆದು ನೋಡಿ. ಮೊದಲ ತಪಾಸಣೆಯಲ್ಲಿ ಎಚ್‌ಐವಿ, ಸಿಫಿಲಿಸ್ ಜೊತೆಗೆ ಎಚ್‌ಬಿಎಸ್‌ಎಜಿ ಪರೀಕ್ಷೆಯನ್ನೂ ಮಾಡಿರಬೇಕು. ಮಾಡಿದ್ದು ಕಾಣದಿದ್ದರೆ ಈ ವಾರವೇ ಮಾಡಿಸಿ. ‘ನೆಗೆಟಿವ್’ ಎಂದು ಬರೆದಿದ್ದರೂ ಇನ್ನೊಮ್ಮೆ ಮಾಡಿಸಿ, ಏಕೆಂದರೆ ಗಂಡನಿಗೆ ವೈರಸ್ ಇದೆ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಅದರ ಜೊತೆಗೆ ಆಂಟಿ-ಎಚ್‌ಬಿಎಸ್ ಮತ್ತು ಆಂಟಿ-ಎಚ್‌ಬಿಸಿ ಟೋಟಲ್ ಎಂಬ ಎರಡು ಪರೀಕ್ಷೆಗಳನ್ನು ಕೇಳಿ ಬರೆಸಿಕೊಳ್ಳಿ. ನಿಮ್ಮ ಮೈಯಲ್ಲಿ ಈ ವೈರಸ್ಸಿಗೆ ತಡೆಶಕ್ತಿ ಇದೆಯೇ, ಹಿಂದೆ ಯಾವಾಗಲಾದರೂ ಬಂದು ತಾನಾಗಿಯೇ ಹೋಗಿದೆಯೇ ಎಂಬುದು ಇವುಗಳಿಂದ ತಿಳಿಯುತ್ತದೆ. ಮದುವೆಯಾಗಿ ಇಷ್ಟು ವರ್ಷವಾಗಿರುವುದರಿಂದ ನಿಮಗೆ ಗೊತ್ತಿಲ್ಲದೆ ಬಂದು ಹೋಗಿರುವ ಸಾಧ್ಯತೆಯೂ ಇದೆ. ಹಾಗಾಗಿದ್ದರೆ ನಿಮಗೆ ಲಸಿಕೆಯ ಅಗತ್ಯವೂ ಇರುವುದಿಲ್ಲ.

ಮೂರೂ ನೆಗೆಟಿವ್ ಬಂದರೆ ತಡಮಾಡದೆ ಲಸಿಕೆ ಹಾಕಿಸಿಕೊಳ್ಳಿ. ಬಸುರಿಯರು ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳಬಾರದು ಎಂಬ ಮಾತು ಎಲ್ಲಿಂದ ಹುಟ್ಟಿತೋ, ಅದು ಸುಳ್ಳು. ಆ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲವೇ ಇಲ್ಲ, ಅದರ ಹೊರಕವಚದ ಒಂದು ಪ್ರೋಟೀನ್ ಮಾತ್ರ ಇದೆ. ಇವತ್ತು ಒಂದು, ಒಂದು ತಿಂಗಳಿಗೆ ಒಂದು, ಆರು ತಿಂಗಳಿಗೆ ಒಂದು, ಹೀಗೆ ಮೂರು ಡೋಸ್. ಮೂರನೆಯದಾದ ಒಂದೆರಡು ತಿಂಗಳಿಗೆ ಆಂಟಿ-ಎಚ್‌ಬಿಎಸ್ ಮಟ್ಟ 10 ಅಥವಾ ಅದಕ್ಕಿಂತ ಹೆಚ್ಚಿದ್ದರೆ ನಿಶ್ಚಿಂತೆ. ಅಲ್ಲಿಯವರೆಗೆ ಗಂಡ ಹೆಂಡತಿ ಕೂಡುವಾಗ ನಿರೋಧ್ ಬಳಸಿ.

ಇನ್ನು ನಿಮಗೂ ಪಾಸಿಟಿವ್ ಬಂತು ಎಂದುಕೊಳ್ಳಿ. ಆಗಲೂ ಎದೆಗುಂದಬೇಡಿ, ಮಗುವನ್ನು ಉಳಿಸಿಕೊಳ್ಳುವ ದಾರಿ ಗಟ್ಟಿಯಾಗಿದೆ. ಎಚ್‌ಬಿಇಎಜಿ ಮತ್ತು ಎಚ್‌ಬಿವಿ ಡಿಎನ್‌ಎ ಪರೀಕ್ಷೆ ಮಾಡಿಸಬೇಕು. ಎಚ್‌ಬಿಇಎಜಿ ಎಂದರೆ ವೈರಸ್ ಜೋರಾಗಿ ಬೆಳೆಯುತ್ತಿದೆ ಎಂಬುದರ ಗುರುತು. ಡಿಎನ್‌ಎ ಎಂದರೆ ಒಂದು ಮಿಲಿಲೀಟರ್ ರಕ್ತದಲ್ಲಿ ಎಷ್ಟು ವೈರಸ್ ಇದೆ ಎಂಬ ಲೆಕ್ಕ. ಅದು 2 ಲಕ್ಷ ಯೂನಿಟ್ ಮುಟ್ಟಿದ್ದರೆ ಅಥವಾ ಎಚ್‌ಬಿಇಎಜಿ ಪಾಸಿಟಿವ್ ಇದ್ದರೆ ನಿಮಗೆ ಈಗಿನಿಂದಲೇ ದಿನಕ್ಕೊಂದು ಟೆನೊಫೊವಿರ್ ಮಾತ್ರೆ ಶುರು ಮಾಡುತ್ತಾರೆ. ಎಚ್‌ಐವಿ ಇರುವ ಸಾವಿರಾರು ಬಸುರಿಯರು ವರ್ಷಗಳಿಂದ ನುಂಗುತ್ತ ಬಂದಿರುವ ಮಾತ್ರೆ ಇದು, ಹೊಟ್ಟೆಯಲ್ಲಿನ ಮಗುವಿಗೆ ಸುರಕ್ಷಿತ. ಏನೂ ಮಾಡದೆ ಬಿಟ್ಟರೆ, ಎಚ್‌ಬಿಇಎಜಿ ಪಾಸಿಟಿವ್ ಇರುವ ತಾಯಂದಿರ 100 ಮಕ್ಕಳಲ್ಲಿ 70ರಿಂದ 90 ಮಕ್ಕಳಿಗೆ ವೈರಸ್ ದಾಟುತ್ತದೆ. ತಾಯಿಗೆ ಮಾತ್ರೆ, ಮಗುವಿಗೆ ಹುಟ್ಟಿದ ಕೂಡಲೇ ಲಸಿಕೆ ಮತ್ತು ಸಿದ್ಧ ತಡೆಶಕ್ತಿ ಕೊಡುವ ಇಮ್ಯುನೊಗ್ಲೊಬುಲಿನ್ ಇಂಜೆಕ್ಷನ್, ಈ ಮೂರೂ ಸರಿಯಾದ ಹೊತ್ತಿಗೆ ಬಿದ್ದರೆ ದಾಟುವುದು ಬಹಳ ಅಪರೂಪ. ಹೆರಿಗೆಯ ಹೊತ್ತಿನಲ್ಲಿ ತಾಯಿಯ ರಕ್ತದ ಸಂಪರ್ಕದಿಂದಲೇ ಹೆಚ್ಚಾಗಿ ವೈರಸ್ ಮಗುವಿನೊಳಗೆ ಸೇರುವುದು. ಅದು ಲಿವರಿನಲ್ಲಿ ನೆಲೆಯೂರುವ ಮೊದಲೇ ಮಗುವಿನ ಮೈ ತಯಾರಾಗಬೇಕು. ಲಸಿಕೆಗೆ 24 ತಾಸಿನ ಗಡುವು ಇಟ್ಟಿರುವುದು ಅದಕ್ಕೇ. ಇಮ್ಯುನೊಗ್ಲೊಬುಲಿನ್ ಆದಷ್ಟೂ 12 ತಾಸಿನೊಳಗೆ, ಇನ್ನೊಂದು ತೊಡೆಗೆ.

ನಿಮಗೆ ನೆಗೆಟಿವ್ ಇರಲಿ, ಪಾಸಿಟಿವ್ ಇರಲಿ, ಈ ಹುಟ್ಟಿದ ದಿನದ ಲಸಿಕೆಯನ್ನು ಮಾತ್ರ ಬಿಡುವಂತಿಲ್ಲ. ಸರ್ಕಾರದ ಪಟ್ಟಿಯಲ್ಲಿ ಎಲ್ಲ ಮಕ್ಕಳಿಗೂ ಇದು ಇದೆ, ಪುಕ್ಕಟೆ. ಆದರೂ ತಪ್ಪಿಹೋಗುತ್ತದೆ. ಹೆರಿಗೆ ರಾತ್ರಿ ಆಯಿತು, ಮರುದಿನ ರವಿವಾರ ಬಂತು, ಲಸಿಕೆ ಹಾಕುವವರು ಸೋಮವಾರ ಬರುತ್ತಾರೆ ಎನ್ನುವುದು ಒಂದು. ಸರ್ಕಾರಿ ಲಸಿಕೆಯ ಬಾಟಲಿಯಲ್ಲಿ 10 ಮಕ್ಕಳಿಗಾಗುವಷ್ಟು ಇರುತ್ತದೆ, ಒಂದೇ ಕೂಸಿಗಾಗಿ ಅದನ್ನು ತೆಗೆದರೆ ಉಳಿದದ್ದು ಹಾಳಾಗುತ್ತದಲ್ಲ ಎಂಬ ಅಳುಕು ಇನ್ನೊಂದು. ಆ ಅಳುಕಿಗೆ ಕಾರಣವೇ ಇಲ್ಲ. ತೆಗೆದ ಬಾಟಲಿಯನ್ನು ಸರಿಯಾದ ತಂಪಿನಲ್ಲಿ ಇಟ್ಟರೆ 4 ವಾರ ಬಳಸಬಹುದು ಎಂದು ಸರ್ಕಾರದ ನಿಯಮವೇ ಹೇಳುತ್ತದೆ. ನಿಮ್ಮ ಆಶಾ ಕಾರ್ಯಕರ್ತೆಗೆ ಈಗಲೇ ಹೇಳಿಡಿ. ಹೆರಿಗೆಗೆ ಹೋಗುವಾಗ ಜೊತೆಗೆ ಬರುವವರಿಗೆ, ‘ಕೂಸಿಗೆ ಹೆಪಟೈಟಿಸ್ ಬಿ ಜೀರೊ ಡೋಸ್ ಹಾಕಿದ್ರೇನ್ರಿ?’ ಎಂದು ಕೇಳುವ ಜವಾಬ್ದಾರಿ ವಹಿಸಿ. ಆಮೇಲೆ ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಹಾಕುವ ಪೆಂಟಾವೇಲೆಂಟ್ ಚುಚ್ಚುಮದ್ದಿನಲ್ಲಿ ಇದೇ ಲಸಿಕೆ ಸೇರಿರುತ್ತದೆ. ತಾಯಿಗೆ ಪಾಸಿಟಿವ್ ಇದ್ದರೆ ಮಗುವಿಗೆ 9ರಿಂದ 12 ತಿಂಗಳಾದಾಗ ಒಂದು ರಕ್ತ ಪರೀಕ್ಷೆ. ಎದೆಹಾಲು ಧಾರಾಳವಾಗಿ ಕುಡಿಸಿ. ಈ ವೈರಸ್ಸಿನ ಕಾರಣಕ್ಕಾಗಿಯೇ ಸಿಜೇರಿಯನ್ ಮಾಡಿಸುವ ಅಗತ್ಯವೂ ಇಲ್ಲ.

ನಿಮ್ಮ ಮಗಳ ಲಸಿಕೆ ಕಾರ್ಡನ್ನೂ ನೋಡಿ. ಎಲ್ಲ ಡೋಸ್ ಬಿದ್ದಿದ್ದರೆ ಅವಳಿಗೆ ರಕ್ಷಣೆ ಇರುವ ಸಾಧ್ಯತೆ ಬಹಳ. ಆದರೂ ಒಮ್ಮೆ ಎಚ್‌ಬಿಎಸ್‌ಎಜಿ ಮಾಡಿಸಿಬಿಡಿ. ಅಪ್ಪನ ತೊಡೆಯ ಮೇಲೆ ಅವಳನ್ನು ಇವತ್ತೇ ಕೂರಿಸಿ, ಪರೀಕ್ಷೆಯ ಫಲ ಬರಲಿ ಎಂದು ಅದಕ್ಕೆ ಕಾಯಬೇಡಿ.

ಈಗ ಓಣಿಯವರ ಮಾತಿಗೆ ಬರುತ್ತೇನೆ, ಅದು ನಿಮ್ಮನ್ನು ಒಳಗೊಳಗೇ ಸುಡುತ್ತಿದೆ ಎಂದು ಪತ್ರ ಓದಿದರೇ ತಿಳಿಯುತ್ತದೆ. ಹೆಪಟೈಟಿಸ್ ಬಿ ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ಹರಡುತ್ತದೆ. ನಿಜ. ಆದರೆ ಯಾವ ವಯಸ್ಸಿನಲ್ಲಿ ಬಂತು ಎಂಬುದರ ಮೇಲೆ ಅದು ಮೈಯಲ್ಲಿ ಉಳಿಯುತ್ತದೋ ಹೋಗುತ್ತದೋ ಎಂಬುದು ನಿಂತಿದೆ. ದೊಡ್ಡವರಾದ ಮೇಲೆ ಬಂದರೆ 100ರಲ್ಲಿ 95ಕ್ಕೂ ಹೆಚ್ಚು ಮಂದಿಯ ಮೈ ಅದನ್ನು ತಾನೇ ಹೊರಗೆ ಹಾಕುತ್ತದೆ. 6 ವರ್ಷದೊಳಗೆ ಬಂದರೆ 100ಕ್ಕೆ 30ರಿಂದ 50 ಮಕ್ಕಳಲ್ಲಿ ಉಳಿಯುತ್ತದೆ. ಹುಟ್ಟುವಾಗಲೇ ಅಥವಾ ಹಸುಗೂಸಾಗಿದ್ದಾಗ ಬಂದರೆ 100ರಲ್ಲಿ ಸುಮಾರು 90 ಮಕ್ಕಳಲ್ಲಿ ಉಳಿದುಬಿಡುತ್ತದೆ. ಎಳೆಯ ಮೈಗೆ ಅದು ಶತ್ರು ಎಂದು ಗುರುತೇ ಸಿಗುವುದಿಲ್ಲ. ಹೀಗಾಗಿ 34ರ ವಯಸ್ಸಿನಲ್ಲಿ, ಯಾವ ತ್ರಾಸು ಇಲ್ಲದೆ, ರಕ್ತದಾನದಲ್ಲಿ ಆಕಸ್ಮಿಕವಾಗಿ ಸಿಕ್ಕ ಹೆಪಟೈಟಿಸ್ ಬಿ ಬಹುತೇಕ ಬಾಲ್ಯದ್ದು. ಅವರು ಸ್ಟೇರಿಂಗ್ ಹಿಡಿಯುವುದಕ್ಕೆ ಎಷ್ಟೋ ವರ್ಷ ಮೊದಲೇ ಬಂದದ್ದು. ಇತ್ತೀಚಿನ ಸೋಂಕೇ ಎಂಬ ಸಣ್ಣ ಅನುಮಾನವನ್ನೂ ತೀರಿಸಿಕೊಳ್ಳಬೇಕು ಎಂದರೆ ಆಂಟಿ-ಎಚ್‌ಬಿಸಿ ಐಜಿಎಂ ಪರೀಕ್ಷೆ ಇದೆ. 6 ತಿಂಗಳ ನಂತರವೂ ಎಚ್‌ಬಿಎಸ್‌ಎಜಿ ಹಾಗೇ ಇದ್ದರೆ ಅದಕ್ಕೆ ದೀರ್ಘಕಾಲದ ಸೋಂಕು ಎನ್ನುತ್ತೇವೆ.

ಅವರು ಹುಟ್ಟಿದ ಕಾಲದಲ್ಲಿ ಈ ಲಸಿಕೆ ಊರ ಮಕ್ಕಳಿಗೆ ಸಿಗುತ್ತಿರಲಿಲ್ಲ. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಕಂಪನಿ ದೇಶದಲ್ಲೇ ಅದನ್ನು ತಯಾರಿಸಿ ಬೆಲೆ ಇಳಿಸಿದ್ದು 1997ರಲ್ಲಿ. ಸರ್ಕಾರದ ಲಸಿಕೆ ಪಟ್ಟಿಗೆ 2002ರಲ್ಲಿ ಕೆಲವೇ ಕಡೆ ಸೇರಿ, ದೇಶಕ್ಕೆಲ್ಲ ಹಬ್ಬುವ ಹೊತ್ತಿಗೆ 2011–12 ಆಗಿತ್ತು. ಇನ್ನು ಆಗಿನ ಇಂಜೆಕ್ಷನ್ನುಗಳನ್ನು ನೆನೆಸಿಕೊಳ್ಳಿ. ಗಾಜಿನ ಸಿರಿಂಜು, ಸ್ಟೌ ಮೇಲೆ ಕುದಿಸಿದಂತೆ ಮಾಡಿದ ಸೂಜಿ, ಸರದಿಯಲ್ಲಿ ನಿಂತ ಮಂದಿಗೆಲ್ಲ ಅದೇ. ಜಾತ್ರೆಯಲ್ಲಿ ಒಂದೇ ಸೂಜಿಯಿಂದ ಹತ್ತು ಕೈಗೆ ಹಚ್ಚೆ. ನಿಮ್ಮ ಯಜಮಾನರಿಗೆ ಇವುಗಳಲ್ಲಿ ಯಾವುದರಿಂದ ಬಂತೆಂದು ಯಾರೂ ಹೇಳಲಾರರು. ಅವರನ್ನು ಕಟಕಟೆಯಲ್ಲಿ ನಿಲ್ಲಿಸುವುದಂತೂ ಅನ್ಯಾಯ. 2022ರ ಲೆಕ್ಕದಂತೆ ನಮ್ಮ ದೇಶದಲ್ಲಿ ಸುಮಾರು 3 ಕೋಟಿ ಮಂದಿ ಈ ವೈರಸ್ ಇಟ್ಟುಕೊಂಡು ಬದುಕುತ್ತಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅವರಲ್ಲಿ ಹೆಚ್ಚಿನವರಿಗೆ ತಮಗೆ ಇದೆ ಎಂಬುದೇ ಗೊತ್ತಿಲ್ಲ.

ಬಾಲ್ಯದಲ್ಲಿ ಬಂದದ್ದು ಎಂದಾದರೆ ಇನ್ನೊಂದು ಮಾತು ಅದರ ಬೆನ್ನಿಗೇ ಬರುತ್ತದೆ, ಅದನ್ನು ನೀವು ಮೆತ್ತಗೆ ಹೇಳಬೇಕಾಗುತ್ತದೆ. ನಿಮ್ಮ ಅತ್ತೆಯವರೂ ಪರೀಕ್ಷೆ ಮಾಡಿಸಬೇಕು. ನಿಮ್ಮ ಯಜಮಾನರ ಅಣ್ಣ, ತಮ್ಮ, ಅಕ್ಕ, ತಂಗಿಯರೂ ಮಾಡಿಸಬೇಕು. ಗಂಗಾಳ ಬೇರೆ ಮಾಡಿದ ಆ ತಾಯಿಯಿಂದಲೇ ಮಗನಿಗೆ ಬಂದಿರುವ ಸಾಧ್ಯತೆ ಇದೆ. ಇದರಲ್ಲಿ ಅವರ ತಪ್ಪು ಎಳ್ಳಷ್ಟೂ ಇಲ್ಲ, ಅವರಿಗೂ ಅವರ ತಾಯಿಯಿಂದ ಬಂದಿರಬಹುದು. ಯಾರಿಂದ ಯಾರಿಗೆ ಎಂದು ಹುಡುಕಲು ನಾನು ಈ ಪರೀಕ್ಷೆ ಹೇಳುತ್ತಿಲ್ಲ. ವೈರಸ್ ಇದ್ದರೆ, ಐವತ್ತು ಅರವತ್ತು ವರ್ಷದ ಅವರ ಲಿವರ್ ಮಗನ ಲಿವರಿಗಿಂತ ಹೆಚ್ಚು ಅಪಾಯದಲ್ಲಿರುತ್ತದೆ. ನಮ್ಮಲ್ಲಿಗೆ ಹೊಟ್ಟೆಯಲ್ಲಿ ನೀರು ತುಂಬಿಕೊಂಡು, ಕಾಲು ಬಾತು, ರಕ್ತ ವಾಂತಿ ಮಾಡಿಕೊಂಡು ಬರುವವರಲ್ಲಿ ಒಂದು ಹನಿ ಸೆರೆ ಮುಟ್ಟದ ಹೆಣ್ಣುಮಕ್ಕಳೂ ಇರುತ್ತಾರೆ. ಪರೀಕ್ಷೆ ಮಾಡಿದರೆ ಹೆಪಟೈಟಿಸ್ ಬಿ. ಹತ್ತು ವರ್ಷ ಮೊದಲೇ ಯಾರಾದರೂ ನೋಡಿದ್ದರೆ ದಿನಕ್ಕೊಂದು ಮಾತ್ರೆಯಲ್ಲಿ ಮುಗಿಯುತ್ತಿತ್ತಲ್ಲ ಎಂದು ಸಂಕಟವಾಗುತ್ತದೆ. ‘ಅತ್ತಿ, ನಿಮ್ಮ ಮ್ಯಾಲಿನ ಕಾಳಜಿಗೆ ಹೇಳಾಕತ್ತೀನಿ’ ಎಂದು ಹೇಳಿ ಕರೆದುಕೊಂಡು ಹೋಗಿ.

ಅತ್ತೆಯವರು ಗಂಗಾಳ ಬೇರೆ ಮಾಡಿದ್ದಕ್ಕೂ ಒಂದು ಹಿನ್ನೆಲೆ ಇದೆ. ನಮ್ಮ ಕಡೆ ಮಳೆಗಾಲದಲ್ಲಿ ಕಾಮಣಿ ಏಳುತ್ತದಲ್ಲ, ಕುಡಿಯುವ ನೀರಿಗೆ ಗಟಾರದ ನೀರು ಸೇರಿದಾಗ ಓಣಿಗೆ ಓಣಿಯೇ ಹಳದಿಯಾಗುತ್ತದಲ್ಲ, ಅದು ಹೆಪಟೈಟಿಸ್ ಎ ಅಥವಾ ಇ. ಅವು ಹೊಲಸು ನೀರು, ಕೊಳಕು ಕೈ, ಊಟದ ಮೂಲಕ ಬರುತ್ತವೆ. ಅಲ್ಲಿ ಶುಚಿತ್ವದ ಎಚ್ಚರ ಬೇಕೇ ಬೇಕು. ಬಿ ಬೇರೆಯೇ ವೈರಸ್. ಒಂದೇ ಗಂಗಾಳದಲ್ಲಿ ಉಂಡರೆ, ಒಂದೇ ಚರಿಗೆಯ ನೀರು ಕುಡಿದರೆ, ಅಪ್ಪಿಕೊಂಡರೆ, ಕೆಮ್ಮಿದರೆ, ಸೊಳ್ಳೆ ಕಚ್ಚಿದರೆ, ಒಂದೇ ಪಾಯಖಾನೆ ಬಳಸಿದರೆ ಅದು ಬರುವುದಿಲ್ಲ. ರೊಟ್ಟಿ ಬಡಿಯುವವರಿಗೆ ಇದ್ದರೂ ರೊಟ್ಟಿಯಿಂದ ಬರುವುದಿಲ್ಲ. ಬೇರೆ ಇಡಬೇಕಾದದ್ದು ರೇಜರ್ ಮತ್ತು ಬ್ಲೇಡು, ಹಲ್ಲುಜ್ಜುವ ಬ್ರಶ್, ಉಗುರು ಕತ್ತರಿಸುವ ಕಟರ್. ಒಣಗಿದ ರಕ್ತದ ಕಲೆಯಲ್ಲಿ ಈ ವೈರಸ್ ಕಮ್ಮಿ ಎಂದರೆ 7 ದಿನ ಬದುಕಿರುತ್ತದೆ, ಕಣ್ಣಿಗೆ ಕಾಣದಷ್ಟು ರಕ್ತವೂ ಸಾಕು. ಗಾಯವಾದರೆ ಪಟ್ಟಿ ಕಟ್ಟಲಿ. ರಕ್ತ ಚೆಲ್ಲಿದರೆ ಬ್ಲೀಚಿಂಗ್ ನೀರಿನಿಂದ ಒರೆಸಿ. ಕಟಿಂಗ್ ಅಂಗಡಿಯಲ್ಲಿ ಹೊಸ ಬ್ಲೇಡು ಹಾಕುವುದನ್ನು ಕಣ್ಣಾರೆ ನೋಡಿಕೊಂಡು ಕೂರುವ ರೂಢಿ ಎಲ್ಲ ಗಂಡಸರಿಗೂ ಒಳ್ಳೆಯದು.

ಸೂಜಿಯ ವಿಷಯದಲ್ಲಂತೂ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. 2009ರಲ್ಲಿ ಗುಜರಾತಿನ ಮೊಡಾಸಾ ಸುತ್ತ ಹೆಪಟೈಟಿಸ್ ಬಿ ಹಬ್ಬಿ ಹತ್ತಾರು ಜನ ಸತ್ತರು. ಬಳಸಿದ ಸಿರಿಂಜು, ಸೂಜಿಗಳನ್ನೇ ಮತ್ತೆ ಮತ್ತೆ ಬಳಸಿದ್ದು ಅದಕ್ಕೆ ಕಾರಣ. ಸೋಂಕಿರುವವರಿಗೆ ಚುಚ್ಚಿದ ಸೂಜಿ ಲಸಿಕೆಯಿಲ್ಲದ ಇನ್ನೊಬ್ಬರಿಗೆ ಚುಚ್ಚಿದರೆ ಎಚ್‌ಐವಿ ಬರುವ ಸಂಭವ 1000ಕ್ಕೆ ಸುಮಾರು 3, ಹೆಪಟೈಟಿಸ್ ಬಿ ಬರುವ ಸಂಭವ 100ಕ್ಕೆ 30ರವರೆಗೂ ಇದೆ. ಜ್ವರ ಬಂದ ಕೂಡಲೇ ‘ಒಂದು ಸೂಜಿ ಮಾಡ್ರಿ’ ಎಂದು ನಾವೇ ಕೇಳುವ ಚಟವನ್ನು ಬಿಡಬೇಕು. ಮಾಡಿಸಿಕೊಳ್ಳಲೇಬೇಕಾದರೆ ಹೊಸ ಪಾಕೀಟು ಎದುರಿಗೇ ಹರಿಯಲಿ.

ಇನ್ನು ನೀವು ಕಳಿಸಿದ ರಿಪೋರ್ಟು. ಅದರಲ್ಲಿ ಕಾಮಣಿಯನ್ನು ತೋರಿಸುವ ಬಿಲಿರುಬಿನ್ 0.8, ಲಿವರಿಗೆ ಆದ ಪೆಟ್ಟನ್ನು ತೋರಿಸುವ ಎಸ್‌ಜಿಒಟಿ 32, ಎಸ್‌ಜಿಪಿಟಿ 38, ಪ್ಲೇಟ್‌ಲೆಟ್ 2,10,000. ಪಕ್ಕದಲ್ಲಿ ಲ್ಯಾಬಿನವರು ಎಸ್‌ಜಿಒಟಿ, ಎಸ್‌ಜಿಪಿಟಿ ಎರಡಕ್ಕೂ 40ರವರೆಗೆ ನಾರ್ಮಲ್ ಎಂದು ಅಚ್ಚು ಹಾಕಿದ್ದಾರೆ. ಅದನ್ನು ನೋಡಿ ಔಷಧ ಬೇಡವೆಂದಿದ್ದಾರೆ. ನಾನು ಇಷ್ಟಕ್ಕೇ ಬಿಡುವುದಿಲ್ಲ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ಹೆಪಟೈಟಿಸ್ ಬಿ ಮಾರ್ಗಸೂಚಿ ಗಂಡಸರಿಗೆ ಎಸ್‌ಜಿಪಿಟಿಯ ಮೇಲಿನ ಗೆರೆಯನ್ನು 30ಕ್ಕೆ, ಹೆಂಗಸರಿಗೆ 19ಕ್ಕೆ ಎಳೆದಿದೆ. ಆ ಲೆಕ್ಕದಲ್ಲಿ 38 ಎಂಬುದು ಹೆಚ್ಚೇ. ಇನ್ನೊಮ್ಮೆ ಮಾಡಿಸಿದಾಗಲೂ 30 ದಾಟಿದ್ದು, ಡಿಎನ್‌ಎ 2000ಕ್ಕಿಂತ ಮೇಲಿದ್ದರೆ ಅವರಿಗೆ ಚಿಕಿತ್ಸೆ ಶುರು ಮಾಡಬೇಕಾಗುತ್ತದೆ.

ಲಿವರಿನಲ್ಲಿ ಗಾಯದ ಕಲೆ, ಅಂದರೆ ಫೈಬ್ರೋಸಿಸ್, ಎಷ್ಟಿದೆ ಎಂದು ಅಂದಾಜು ಮಾಡಲು ಅದೇ ರಿಪೋರ್ಟಿನಲ್ಲಿ ಒಂದು ಲೆಕ್ಕ ಅಡಗಿದೆ. ಎಪಿಆರ್‌ಐ ಎನ್ನುತ್ತಾರೆ. ಎಸ್‌ಜಿಒಟಿ 32 ಅನ್ನು ಲ್ಯಾಬಿನ ಗರಿಷ್ಠ ಮಿತಿ 40ರಿಂದ ಭಾಗಿಸಿ, ಅದು 0.8. ಅದನ್ನು 100ರಿಂದ ಗುಣಿಸಿದರೆ 80. ಪ್ಲೇಟ್‌ಲೆಟ್ ಸಂಖ್ಯೆಯನ್ನು ಸಾವಿರದ ಲೆಕ್ಕದಲ್ಲಿ ತೆಗೆದುಕೊಂಡರೆ 210. 80ನ್ನು 210ರಿಂದ ಭಾಗಿಸಿದರೆ 0.38. ಇದು 0.5 ದಾಟಿದ್ದರೆ ಡಿಎನ್‌ಎ ಎಷ್ಟೇ ಇರಲಿ ಚಿಕಿತ್ಸೆ ಕೊಡಿ ಎನ್ನುತ್ತದೆ ಹೊಸ ಮಾರ್ಗಸೂಚಿ. ದಾಟಿಲ್ಲ, ಸಮಾಧಾನದ ಸಂಗತಿ. ಆದರೂ ಅಲ್ಟ್ರಾಸೌಂಡ್ ಮಾಡಿಸಿ, ಸಿಕ್ಕರೆ ಫೈಬ್ರೋಸ್ಕ್ಯಾನ್ ಕೂಡ. ಎಚ್‌ಬಿಇಎಜಿ, ಎಚ್‌ಬಿವಿ ಡಿಎನ್‌ಎ, ಕಿಡ್ನಿಯ ಕ್ರಿಯಾಟಿನಿನ್, ಎಚ್‌ಐವಿ, ಹೆಪಟೈಟಿಸ್ ಸಿ, ಹೆಪಟೈಟಿಸ್ ಡಿ ಇಷ್ಟೂ ಒಮ್ಮೆ ಆಗಬೇಕು. ಎಚ್‌ಐವಿ ಏಕೆ ಎಂದು ಕೇಳಬಹುದು. ಟೆನೊಫೊವಿರ್ ಎರಡಕ್ಕೂ ಔಷಧ, ಗೊತ್ತಿಲ್ಲದೆ ಅದೊಂದನ್ನೇ ಕೊಟ್ಟರೆ ಎಚ್‌ಐವಿ ವೈರಸ್ ಔಷಧಕ್ಕೆ ಬಗ್ಗದಂತಾಗುತ್ತದೆ. ಅವರ ತಂದೆ ಕಡೆಯಾಗಲಿ ತಾಯಿ ಕಡೆಯಾಗಲಿ ಯಾರಿಗಾದರೂ ಲಿವರ್ ಕ್ಯಾನ್ಸರ್ ಅಥವಾ ಸಿರೋಸಿಸ್ (ಲಿವರ್ ಗಟ್ಟಿಯಾಗಿ ಕೆಡುವುದು) ಆಗಿತ್ತೇ ಎಂದು ಮಾವನವರನ್ನು ಕೇಳಿ ತಿಳಿದುಕೊಳ್ಳಿ. ‘ಹೊಟ್ಟಿ ಬಾತು ಸತ್ತ’ ಎಂದು ಯಾರ ಬಗ್ಗೆಯಾದರೂ ಮನೆಯಲ್ಲಿ ಮಾತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಅದರಿಂದ ಚಿಕಿತ್ಸೆಯ ತೀರ್ಮಾನವೇ ಬದಲಾಗಬಹುದು.

ಪೂರ್ತಿ ವಾಸಿಯಾಗುತ್ತದೆಯೇ ಎಂದು ಕೇಳಿದ್ದೀರಿ. ಬುಡಸಮೇತ ಕೀಳುವ ಔಷಧ ಇವತ್ತಿಗೆ ಇಲ್ಲ. ಎರೆಹೊಲದ ಕರಿಕಿಯನ್ನು ಮೇಲೆ ಎಷ್ಟು ಸವರಿದರೂ ಬೇರು ಒಳಗೆ ಉಳಿಯುತ್ತದಲ್ಲ, ಹಾಗೆ ಈ ವೈರಸ್ಸಿನ ಡಿಎನ್‌ಎಯ ಒಂದು ಪ್ರತಿ ಲಿವರಿನ ಜೀವಕೋಶದ ಒಳಗೆ ಕೂತಿರುತ್ತದೆ. ಟೆನೊಫೊವಿರ್ ಅಥವಾ ಎಂಟೆಕಾವಿರ್ ಮಾತ್ರೆ ಹೊಸ ವೈರಸ್ ಹುಟ್ಟುವುದನ್ನು ತಡೆಯುತ್ತದೆ. ರಕ್ತದಲ್ಲಿ ವೈರಸ್ ಕಾಣದಷ್ಟು ಇಳಿಯುತ್ತದೆ, ಲಿವರಿನ ಉರಿಯೂತ ಆರುತ್ತದೆ, ಆಗಿದ್ದ ಗಾಯವೂ ವರ್ಷಗಳಲ್ಲಿ ಮಾಯುತ್ತ ಬರುತ್ತದೆ, ಕ್ಯಾನ್ಸರಿನ ಅಪಾಯ ಇಳಿಯುತ್ತದೆ. ಎಚ್‌ಬಿಎಸ್‌ಎಜಿಯೇ ಮಾಯವಾಗುವುದು ಕೆಲವರಲ್ಲಿ ಮಾತ್ರ. ಅದಕ್ಕೇ ಈ ಮಾತ್ರೆ ಹೆಚ್ಚಿನವರಿಗೆ ಬಹಳ ವರ್ಷ, ಎಷ್ಟೋ ಮಂದಿಗೆ ಜೀವಮಾನವಿಡೀ. ಬಿಪಿ ಮಾತ್ರೆ ನುಂಗಿಕೊಂಡು ಹೊಲಮನೆ ನೋಡಿಕೊಳ್ಳುವವರು ನಮ್ಮಲ್ಲಿ ಎಷ್ಟು ಜನ ಇಲ್ಲ? ಟೆನೊಫೊವಿರ್ ನುಂಗುವವರಿಗೆ ಆಗಾಗ ಕಿಡ್ನಿಯ ಪರೀಕ್ಷೆ ಬೇಕು. ಕಿಡ್ನಿ ತೊಂದರೆ ಇದ್ದವರಿಗೆ ಬೇರೆ ಮಾತ್ರೆ ಇದೆ.

ಶುರು ಮಾಡಿದ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಬಹಳ ಅಪಾಯ. ‘ಈಗ ಆರಾಮ ಅದೇನಿ’ ಎಂದು ಬಿಟ್ಟವರಲ್ಲಿ ಅದುಮಿಟ್ಟಿದ್ದ ವೈರಸ್ ಒಮ್ಮೆಲೇ ಏಳುತ್ತದೆ, ಕೆಲವರಿಗೆ ಲಿವರ್ ಫೇಲಾಗುವ ಮಟ್ಟಕ್ಕೆ ಹೋಗುತ್ತದೆ. ಗಾಡಿಯ ಮೇಲೆ ನಾಲ್ಕು ದಿನ ಹೊರಗಿರಬೇಕಾದರೆ ಡಬ್ಬಿ ಜೊತೆಗಿರಲಿ.

ಡಿಎನ್‌ಎ ಕಡಿಮೆ ಇದ್ದು ಸದ್ಯಕ್ಕೆ ಮಾತ್ರೆ ಬೇಡ ಎಂದಾದರೂ ಕೈಬಿಟ್ಟಂತೆ ಅಲ್ಲ. 6 ತಿಂಗಳಿಗೊಮ್ಮೆ ಎಸ್‌ಜಿಪಿಟಿ, ವರ್ಷಕ್ಕೊಮ್ಮೆಯಾದರೂ ಡಿಎನ್‌ಎ ನೋಡುತ್ತಲೇ ಇರಬೇಕು, ಈ ವೈರಸ್ ವರ್ಷಗಟ್ಟಲೆ ಸುಮ್ಮನಿದ್ದು ಏಳುವುದುಂಟು. ಹೆಪಟೈಟಿಸ್ ಬಿಯಲ್ಲಿ ಸಿರೋಸಿಸ್ ಆಗದೆಯೂ ಲಿವರ್ ಕ್ಯಾನ್ಸರ್ ಬರಬಹುದು. ಹಾಗಾಗಿ 40 ದಾಟಿದ ಗಂಡಸರು, ಸಿರೋಸಿಸ್ ಇದ್ದವರು, ಮನೆತನದಲ್ಲಿ ಲಿವರ್ ಕ್ಯಾನ್ಸರ್ ಇದ್ದವರು 6 ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸುವುದು ಒಳ್ಳೆಯದು.

ಮಾವನವರು ಹೇಳಿದ ಕಾಮಣಿ ಔಷಧದ ಬಗ್ಗೆ. ಅವರ ಕಾಳಜಿ ದೊಡ್ಡದು, ಆದರೆ ನಿಮ್ಮ ಯಜಮಾನರಿಗೆ ಕಾಮಣಿಯೇ ಆಗಿಲ್ಲ, ಬಿಲಿರುಬಿನ್ 0.8 ಇದೆ ಎಂದೆನಲ್ಲ. ಕಣ್ಣು ಹಳದಿಯಾದವರಿಗೂ ನಾಟಿ ಔಷಧ ಗುಣ ಕೊಟ್ಟಂತೆ ಕಾಣಲು ಕಾರಣವಿದೆ. ಎ, ಇ ಬಂದವರು ಮತ್ತು ದೊಡ್ಡವರಾದ ಮೇಲೆ ಬಿ ಬಂದವರು ಬಹುಪಾಲು ಕೆಲವು ವಾರಗಳಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಆ ಹೆಸರು ನಡುವೆ ಕೊಟ್ಟ ಔಷಧಕ್ಕೆ ಹೋಗುತ್ತದೆ. ಕಾಮಣಿಗೆ ಕೊಡುವ ನಾಟಿ ಗಿಡ ನೆಲನೆಲ್ಲಿಯನ್ನು ವಿಜ್ಞಾನಿಗಳು ತಾತ್ಸಾರ ಮಾಡಿದರು ಎಂದುಕೊಳ್ಳಬೇಡಿ. 1988ರಲ್ಲಿ ಮದ್ರಾಸಿನ ಸಂಶೋಧಕರು ಹೆಪಟೈಟಿಸ್ ಬಿ ಇದ್ದವರಿಗೆ ಅದನ್ನು ಕೊಟ್ಟು ಒಳ್ಳೆಯ ಫಲ ಬಂತೆಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಾಗ ಜಗತ್ತೇ ಕಿವಿಗೊಟ್ಟಿತು. ಆಮೇಲೆ ಬೇರೆ ಬೇರೆ ಕಡೆ ಪರೀಕ್ಷಿಸಿದಾಗ ಆ ಫಲ ಸಿಗಲಿಲ್ಲ. ಕೈಗೆ ಬರೆ ಹಾಕಿಸುವುದಂತೂ ಬೇಡವೇ ಬೇಡ, ಸುಟ್ಟ ಗಾಯದಿಂದ ಹೊಸ ಸೋಂಕು. ಏನು ಬೆರೆಸಿದ್ದಾರೆಂದು ಗೊತ್ತಿಲ್ಲದ ಪುಡಿಗಳು ಲಿವರನ್ನೇ ಕೆಡಿಸಿದ ಪ್ರಕರಣಗಳು ಕಡಿಮೆಯಿಲ್ಲ. ಮೊಣಕಾಲು ನೋವಿಗೆಂದು ಪೊಟ್ಟಣದಲ್ಲಿ ಕೊಡುವ ಮಾತ್ರೆಗಳಲ್ಲಿ ಸ್ಟೀರಾಯ್ಡ್ ಇರುವುದುಂಟು. ಸುಮ್ಮನಿದ್ದ ಹೆಪಟೈಟಿಸ್ ಬಿಯನ್ನು ಎಬ್ಬಿಸಲು ಅದು ಸಾಕು.

ಊಟದಲ್ಲಿ ಪಥ್ಯ ಏನೂ ಇಲ್ಲ. ಎಣ್ಣೆ, ಉಪ್ಪು, ಖಾರ ಪೂರ್ತಿ ಬಿಡಿಸಿ ಗಂಜಿ ಕುಡಿಸಬೇಡಿ, ದುಡಿಯುವ ಮೈ ಅದು. ಸೆರೆ ಮಾತ್ರ ಒಂದು ಗುಟುಕೂ ಬೇಡ. ಇನ್ನೊಂದು ಸಂಗತಿ ಶೇಂಗಾ, ಗೋವಿನಜೋಳ ಬೆಳೆಯುವ ನಮ್ಮ ಗದಗ, ಹಾವೇರಿ ಸೀಮೆಗೆ ಬಹಳ ಮುಖ್ಯ, ಆದರೆ ಯಾರೂ ಹೇಳುವುದಿಲ್ಲ. ಸರಿಯಾಗಿ ಒಣಗಿಸದ ಕಾಳಿನಲ್ಲಿ ಬೆಳೆಯುವ ಬೂಸ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಅದೊಂದೇ ಲಿವರ್ ಕ್ಯಾನ್ಸರಿಗೆ ದಾರಿ, ಹೆಪಟೈಟಿಸ್ ಬಿ ಜೊತೆ ಸೇರಿದರೆ ಅಪಾಯ ಹಲವು ಪಟ್ಟು ಏರುತ್ತದೆ. ಹುರಿದರೂ ಕುದಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಬಣ್ಣಗೆಟ್ಟ, ಸುಕ್ಕುಗಟ್ಟಿದ, ಕಹಿಯಾದ ಶೇಂಗಾವನ್ನು ಆರಿಸಿ ಬಿಸಾಡಿ. ಮಾರಲು ಬಾರದ್ದನ್ನು ಮನೆಯ ಹಿಂಡಿಗೆ (ಚಟ್ನಿಪುಡಿಗೆ) ಇಟ್ಟುಕೊಳ್ಳುವ ರೂಢಿ ಎಷ್ಟೋ ಮನೆಗಳಲ್ಲಿದೆ, ಅದನ್ನು ಬಿಡಿ. ಒಳ್ಳೆಯ ಶೇಂಗಾ ಹಿಂಡಿ ಅವರು ಮನಸಾರೆ ತಿನ್ನಲಿ.

ಖರ್ಚಿನ ಚಿಂತೆ ಬೇಡ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಹೆಪಟೈಟಿಸ್ ಬಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ನಿಮಗೆ ಹತ್ತಿರದ್ದು ಗದಗಿನ ಜಿಮ್ಸ್ ಆಸ್ಪತ್ರೆ. ಹುಬ್ಬಳ್ಳಿಗೆ ಹೇಗೂ ಗಾಡಿ ಹೋಗುತ್ತದೆ ಎಂದರೆ ಅಲ್ಲಿನ ಕಿಮ್ಸ್, ಈಗ ಅದರ ಹೆಸರು ಕೆಎಂಸಿಆರ್‌ಐ. ಓಪಿಡಿಯಲ್ಲಿ ‘ಹೆಪಟೈಟಿಸ್ ಕಾರ್ಯಕ್ರಮದಾಗ ಹೆಸರು ಹಚ್ಚಬೇಕಾಗಿತ್ರಿ’ ಎಂದು ಕೇಳಿ. ಖಾಸಗಿಯಲ್ಲಿ ಡಿಎನ್‌ಎ ಪರೀಕ್ಷೆಗೆ ದುಡ್ಡು ಸುರಿಯುವ ಮೊದಲು ಅಲ್ಲಿ ವಿಚಾರಿಸಿ. ರಕ್ತದಾನ ಶಿಬಿರದ ಚೀಟಿ, ಈ ಲಿವರ್ ರಿಪೋರ್ಟು, ಅವರ ಆಧಾರ್ ಕಾರ್ಡು, ನಿಮ್ಮ ತಾಯಿ ಕಾರ್ಡು, ಮಗಳ ಲಸಿಕೆ ಕಾರ್ಡು ಒಂದೇ ಚೀಲದಲ್ಲಿ ಹಾಕಿಕೊಂಡು ಒಂದೇ ದಿನ ಎಲ್ಲರೂ ಹೋಗಿ. ಅತ್ತೆಯವರನ್ನೂ ಕರೆದುಕೊಂಡು ಹೋಗಿ.

ನಿಮ್ಮ ಯಜಮಾನರು ಇನ್ನುಮುಂದೆ ರಕ್ತದಾನ ಮಾಡುವಂತಿಲ್ಲ. ಹಲ್ಲಿನ ಡಾಕ್ಟರಿಗೆ, ಆಪರೇಷನ್ ಮಾಡುವವರಿಗೆ, ಯಾವುದೇ ದೊಡ್ಡ ಔಷಧ ಶುರು ಮಾಡುವವರಿಗೆ ತಮಗೆ ಹೆಪಟೈಟಿಸ್ ಬಿ ಇದೆ ಎಂದು ಹೇಳಲೇಬೇಕು. ಓಣಿಯವರಿಗೆ, ಎಪಿಎಂಸಿ ಅಂಗಡಿಯವರಿಗೆ ಹೇಳಬೇಕಾದ ಯಾವ ಕಾರಣವೂ ಇಲ್ಲ. ಗಾಡಿ ಓಡಿಸುವುದಕ್ಕೆ, ಮೂಟೆ ಎತ್ತುವುದಕ್ಕೆ ಅಡ್ಡಿಯಿಲ್ಲ. ಎಚ್‌ಬಿವಿ ಡಿಎನ್‌ಎ ಮತ್ತು ನಿಮ್ಮ ಮೂರು ಪರೀಕ್ಷೆಗಳ ಫಲ ಬಂದ ಮೇಲೆ ಅವುಗಳ ಫೋಟೊ ಕಳಿಸಿ, ಮುಂದಿನದನ್ನು ಆ ಅಂಕಿಗಳನ್ನು ನೋಡಿಯೇ ಹೇಳುತ್ತೇನೆ.